ಮೂರು ಮೊಳ ಫಿಲ್ಮು

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಮಾಮ ಮೊದಲು ಅದನ್ನು ಕೆಳತುಟಿಗೆ ಮುಟ್ಟಿಸಿ ನೋಡುತ್ತಿದ್ದ. ವೀಳ್ಯದೆಲೆ, ಮದುವೆ ಕಾಗದ, ಡಾಕ್ಟರ ಚೀಟಿ, ನಾನು ಮಧುರೆಯಿಂದ ತಂದುಕೊಟ್ಟ ಹೊಸ ಟವಲು, ಯಾವುದನ್ನೂ ಬಿಡುತ್ತಿರಲಿಲ್ಲ. ಆ ತುಟಿಯ ಎಡಭಾಗದಲ್ಲಿ ಬೀಡಿ ಸೇದುವವರಿಗೆ ಇರುವಂಥ ಕಪ್ಪು ಕಲೆಯೊಂದಿತ್ತು. ಮಾಮ ಬೀಡಿ ಸೇದಿದವನಲ್ಲ. ಅದು ಫಿಲ್ಮಿನ ಕಲೆ. ಫಿಲ್ಮಿಗೆ ಎರಡು ಬದಿ ಇರುತ್ತದೆ. ಚಿತ್ರವಿರುವ ಬದಿ ಒದ್ದೆ ತುಟಿಗೆ ಅಂಟುತ್ತದೆ, ಇನ್ನೊಂದು ಬದಿ ಜಾರುತ್ತದೆ. ಸಿನಿಮಾ ಯಂತ್ರದ ಕತ್ತಲೆ ಗೂಡಿನಲ್ಲಿ ಕೆಲಸ ಮಾಡುವವನು ತುಟಿಯಲ್ಲೇ ನೋಡಬೇಕು. ಇಪ್ಪತ್ತು ವರ್ಷದವನಿದ್ದಾಗ ಹತ್ತಿದ ಆ ಚಟ ಎಂಬತ್ತೈದರವರೆಗೂ ಬಿಡಲಿಲ್ಲ.

ಆತ ನನ್ನ ಅವ್ವನ ತಮ್ಮ. ಊರಿಗೆಲ್ಲ ಆಪರೇಟರ್, ನಮಗೆ ಆಪರೇಟರ್ ಮಾಮ. ಕಂಬಂ ಕಣಿವೆಯಲ್ಲಿ ನಮ್ಮ ಓಡೈಪಟ್ಟಿ ಮತ್ತು ಸುತ್ತಿನ ಹಳ್ಳಿಗಳಿಗೆ ಬಿಡಾರ ಬದಲಿಸುತ್ತ ತಿರುಗುವ ಟೆಂಟ್ ಸಿನಿಮಾ ಒಂದಿತ್ತು. ನಮ್ಮ ಕಡೆ ಅದಕ್ಕೆ ಕೊಟ್ಟಾಯಿ ಅನ್ನುತ್ತೇವೆ. ಮಾಮ ಅದರಲ್ಲಿ ಯಂತ್ರ ಓಡಿಸುತ್ತಿದ್ದ. ನಾವು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಜನ. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಈ ಕಡೆ ಬಂದವರಂತೆ. ಆಡುವ ಮಾತು ಉಳಿಯಿತು, ಬರೆಯುವ ಅಕ್ಷರ ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು. ತೇನಿಯ ಶಾಲೆಯಲ್ಲಿ ತಮಿಳಿನಲ್ಲಿ ಲೆಕ್ಕ ಕಲಿಸುತ್ತಿದ್ದ ನಾನು ನಲವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಕನ್ನಡ ಅಕ್ಷರ ಕಲಿತೆ. ಮೊದಲ ಬಾರಿಗೆ ಒಂದು ಹಾಳೆ ತುಂಬ ಬರೆದು ಮಾಮನ ಕೈಗೆ ಕೊಟ್ಟಾಗ, ಒಂದಕ್ಷರವೂ ಓದಲು ಬಾರದ ಆ ಮನುಷ್ಯ ಹಾಳೆಯನ್ನು ತುಟಿಗೆ ಮುಟ್ಟಿಸಿ, "ಅಂಟ್ತದೆ ಪಾಪಾ. ಪಟ ಐತೆ ಇದ್ರಲ್ಲಿ" ಅಂದ. ನಾನು ಅಜ್ಜಿಯಾದ ಮೇಲೂ ಆತನಿಗೆ ಪಾಪಾ ಆಗಿಯೇ ಇದ್ದೆ. ಆ ವಿಮರ್ಶೆಗಿಂತ ದೊಡ್ಡದು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಆಗೆಲ್ಲ ಸಿನಿಮಾಕ್ಕೆ ಮುಂಚೆ ಸರ್ಕಾರದ ಸುದ್ದಿಚಿತ್ರ ಹಾಕಲೇಬೇಕೆಂಬ ಕಾನೂನಿತ್ತು. ಹತ್ತು ನಿಮಿಷದ್ದು, ತಮಿಳಿನಲ್ಲಿ ಗಂಟಲು ಏರಿಸಿ ಹೇಳುವ ಒಬ್ಬನ ದನಿ, ಹಿಂದೆ ಬ್ಯಾಂಡು. ದಿಂಡಿಗಲ್ಲಿನ ಡಿಪೋದಿಂದ ಬಸ್ಸಿನ ಮೇಲೆ ತಗಡಿನ ಪೆಟ್ಟಿಗೆ ಬರುತ್ತಿತ್ತು, ಒಂದು ವಾರ ಓಡಿಸಿ ಅದೇ ಬಸ್ಸಿಗೆ ವಾಪಸು ಹಾಕಬೇಕು. ಗಂಡಸರು ಆ ಹತ್ತು ನಿಮಿಷ ಹೊರಗೆ ನಿಂತು ಬೀಡಿ ಸೇದಿ ಮುಗಿಸುತ್ತಿದ್ದರು. ಮಾಮನಿಗೆ ಮಾತ್ರ ಸಿನಿಮಾಕ್ಕಿಂತ ಅದೇ ಹೆಚ್ಚು. ಯಾವ ವಾರದ್ದು ತೆಗೆದರೂ ವರಸೆ ಒಂದೇ ಎನ್ನುತ್ತಿದ್ದ. ಮೊದಲು ಗಡಿ, ತೋಪು, ಸಿಪಾಯಿ. ಆಮೇಲೆ ವಿಮಾನದಿಂದ ಇಳಿಯುವ ಪರದೇಶದ ದೊಡ್ಡ ಮನುಷ್ಯ, ಹಾರ, ಕೈ ಕುಲುಕಾಟ. ಕಡೆಯಲ್ಲಿ ಹಾಕಿಯೋ ಕ್ರಿಕೆಟ್ಟೋ. ಮನೆಯಲ್ಲಿ ನನ್ನ ಅಪ್ಪ ಅವ್ವ ಜಗಳಕ್ಕೆ ನಿಂತರೆ ಮಾಮ ಜಗುಲಿಯ ಮೇಲಿಂದ, "ಇದು ಮೊದಲ್ನೇ ಐಟಂ ತಾನೆ? ಕೈ ಕುಲುಕೋದು ಬತ್ತದೆ, ಆಟ ಕಡೇಗೆ ಬತ್ತದೆ, ಎದ್ದೋಗ್ಬ್ಯಾಡಿ" ಅನ್ನುತ್ತಿದ್ದ. ನನ್ನ ಅಪ್ಪನಂಥ ಸಿಡುಕಿನ ಮನುಷ್ಯನೂ ನಕ್ಕುಬಿಡುತ್ತಿದ್ದ. ನನಗೆ ಬಂದಿರುವ ಸಿಡುಕು ಅಪ್ಪನದು. ಅದನ್ನು ನಗಿಸಿ ಇಳಿಸುವವರು ಈಗ ಯಾರೂ ಇಲ್ಲ.

ಮಾಮನಿಗೆ ಒಬ್ಬ ತಮ್ಮನಿದ್ದ, ನನಗೆ ಚಿಕ್ಕ ಮಾಮ. ಮನೆಯಲ್ಲಿ ಓಡಾಡಿದ ಅವನ ಮುಖ ನನಗೆ ನೆನಪಿಲ್ಲ, ನಾನು ಆಗ ನಾಲ್ಕೈದು ವರ್ಷದವಳು. ವಾರ ವಾರ ಪುಕ್ಕಟೆಯಾಗಿ ಸುದ್ದಿಚಿತ್ರ ನೋಡಿ, ಸಿಪಾಯಿಗಳ ಕವಾಯತಿಗೆ ಮರುಳಾಗಿ, ಹತ್ತೊಂಬತ್ತು ತುಂಬುತ್ತಲೇ ಯಾರಿಗೂ ಹೇಳದೆ ಹೋಗಿ ಸೈನ್ಯಕ್ಕೆ ಸೇರಿದ. ಚೀನಾ ಯುದ್ಧ ಬಂತು. ಒಂದು ಬೆಳಿಗ್ಗೆ ಮನೆಗೆ ತಂತಿ ಬಂತು. ಸತ್ತನೆಂದು ಅದರಲ್ಲಿ ಇರಲಿಲ್ಲ, ಕಾಣೆಯಾಗಿದ್ದಾನೆ ಎಂದಿತ್ತು. ಅಜ್ಜಿ, ಅಂದರೆ ಈ ಇಬ್ಬರ ತಾಯಿ, ಅಳಲೂ ಇಲ್ಲ ಉಣ್ಣಲೂ ಇಲ್ಲ. ಕೆಲವು ತಿಂಗಳು ಕಾದ ಮೇಲೆ ಹಿರಿಯರು ಕೂತು ಮಾತಾಡಿದರು. ಹೆಣವಿಲ್ಲದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಡುವುದು, ಸುರುಳಿ ಜಲಪಾತಕ್ಕೆ ಹೋಗಿ ಎಳ್ಳುನೀರು ಬಿಡುವುದು ಪದ್ಧತಿ. ಅಣ್ಣನಾದ ಆಪರೇಟರ್ ಮಾಮನೇ ಅದನ್ನು ಮಾಡಬೇಕು. ದಿನ ಗೊತ್ತಾಯಿತು.

ಆ ದಿನಕ್ಕೆ ಇನ್ನೂ ನಾಲ್ಕು ದಿನವಿರುವಾಗ, ದಿಂಡಿಗಲ್ಲಿನಿಂದ ಬಂದ ಪೆಟ್ಟಿಗೆಯೊಳಗಿನ ಸುದ್ದಿಚಿತ್ರದಲ್ಲಿ ಚಿಕ್ಕ ಮಾಮ ನಡೆದುಬಂದ.

ಒಂದು ರೈಲ್ವೆ ಸ್ಟೇಷನ್ನು. ಸಿಪಾಯಿಗಳು ಗಂಟುಮೂಟೆ ಹೊತ್ತು ಪ್ಲಾಟ್‌ಫಾರಂ ಮೇಲೆ ನಡೆದುಹೋಗುತ್ತಿದ್ದಾರೆ. ಬಲಗಡೆಯಿಂದ ಮೂರನೆಯವನು ಚೀಲದ ಪಟ್ಟಿಯನ್ನು ಎಡಗೈಯಲ್ಲಿ ಮೇಲಕ್ಕೆ ಎಳೆದುಕೊಂಡು, ನಮ್ಮ ಕಡೆ ತಿರುಗಿ, ನಕ್ಕು, ಬಾಯಿ ತೆರೆದು ಏನೋ ಒಂದು ಮಾತು ಹೇಳುತ್ತಾನೆ. ಅವನ ದನಿ ಕೇಳುವುದಿಲ್ಲ. ಅದರ ಮೇಲೆ ಹೇಳುವವನ ತಮಿಳು: "ಸಿರಿತ್ತ ಮುಗತ್ತುಡನ್ ಸೆಲ್ಗಿರಾರ್ಗಳ್." ನಗುಮುಖದಿಂದ ಹೋಗುತ್ತಿದ್ದಾರೆ ಎಂದು. ಒಟ್ಟು ಮೂರು ಸೆಕೆಂಡು. ಆಮೇಲೆ ವಿಮಾನ, ಹಾರ, ಕೈ ಕುಲುಕಾಟ.

ಮಾರನೆಯ ಸಂಜೆ ಮೊದಲ ಆಟಕ್ಕೆ ಅಜ್ಜಿಯನ್ನು ಕರೆತಂದರು. ಗಂಡ ಸತ್ತ ಮೇಲೆ ಕೊಟ್ಟಾಯಿಗೆ ಕಾಲಿಡದವಳು ಹೆಂಗಸರ ಕಡೆಯ ಮರಳಿನ ಮೇಲೆ ನನ್ನನ್ನು ತೊಡೆಯಲ್ಲಿ ಕೂರಿಸಿಕೊಂಡು ಕೂತಳು. ಮಗ ಬಂದ. ಅಜ್ಜಿ ಎರಡೂ ಕೈಯನ್ನು ತೆರೆಯ ಕಡೆ ಚಾಚಿ, ಬೆರಳು ಮಡಿಸಿ ತನ್ನ ಕಣತಲೆಗೆ ಒತ್ತಿ, ಪಟಪಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನನ್ನ ಕಿವಿಯ ಪಕ್ಕದಲ್ಲೇ ಆ ಸದ್ದು. ಆಮೇಲೆ ಸಿನಿಮಾಕ್ಕೆ ನಿಲ್ಲದೆ ಎದ್ದು ಮನೆಗೆ ಬಂದು, ತಿಂಗಳುಗಟ್ಟಲೆಯಾದ ಮೇಲೆ ಮೊದಲ ಬಾರಿಗೆ ತಟ್ಟೆಗೆ ತಾನೇ ಬಡಿಸಿಕೊಂಡಳು. ಹಿರಿಯರಿಗೆ ಹೇಳಿಕಳಿಸಿದಳು: "ತಂತಿ ಮುಂಚೆ ಬಂತು, ಪಟ ಆಮೇಲೆ ಬಂತು. ಆಮೇಲೆ ಬಂದದ್ದು ತಾನೆ ನಿಜ? ನಡಕಂಡು ಓಯ್ತಾ ಅವ್ನೆ ನನ್ ಮಗ. ನಡೆಯೋನ್ಗೆ ಎಳ್ಳು ಆಕ್ತೀರಾ?"

ಉತ್ತರ ಗೊತ್ತಿದ್ದವನು ಮಾಮ ಒಬ್ಬನೇ. ಹಳ್ಳಿಯ ಟೆಂಟಿಗೆ ಹೊಸ ಪ್ರಿಂಟು ಯಾವ ಕಾಲಕ್ಕೂ ಬರುತ್ತಿರಲಿಲ್ಲ. ಮದರಾಸು, ಮಧುರೆ, ದಿಂಡಿಗಲ್ಲಿನಲ್ಲೆಲ್ಲ ಓಡಿ, ಮೈಯೆಲ್ಲ ಗೀರು ಬಿದ್ದ ಮೇಲೆ, ಐದಾರು ತಿಂಗಳು ತಡವಾಗಿ ನಮ್ಮ ಪಾಲಿಗೆ ಬರುತ್ತಿತ್ತು. ತಮ್ಮ ಆ ರೈಲು ಹತ್ತಿದ್ದು ತಂತಿಗಿಂತ ಎಷ್ಟೋ ಮುಂಚೆ. ಮಾಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ತಾಯಿ ಉಣ್ಣುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದವನು ಬಾಯಿ ಬಿಡಲಿಲ್ಲ. ಎಳ್ಳುನೀರು ನಿಂತಿತು.

ವಾರ ಮುಗಿಯಿತು. ಪೆಟ್ಟಿಗೆ ಬಸ್ಸಿಗೆ ಹೋಗಬೇಕು. ಅಜ್ಜಿ ಏನೂ ಕೇಳಲಿಲ್ಲ, ಮಾಮನ ಮುಖವನ್ನೇ ನೋಡುತ್ತಿದ್ದಳಂತೆ. ಮಾಮ ಗೂಡಿನೊಳಗೆ ಕೂತು, ಕ್ಷೌರದ ಬ್ಲೇಡಿನಿಂದ ಆ ತುಂಡನ್ನು ಕೊಯ್ದು ತೆಗೆದ. ಹೂವಾಡಗಿತ್ತಿ ಮಲ್ಲಿಗೆ ಅಳೆಯುವ ಹಾಗೆ ಅಳೆದರೆ ಮೂರು ಮೊಳ. ಉಳಿದ ಎರಡು ತುದಿಗಳನ್ನು ಕೆರೆದು, ಅಂಟು ಹಚ್ಚಿ, ಉಗುರಿನಲ್ಲಿ ಒತ್ತಿ ಜೋಡಿಸಿ, ಹರಿದುಹೋಗಿತ್ತು ಎಂದು ಚೀಟಿ ಬರೆಸಿ ಡಿಪೋಗೆ ಕಳಿಸಿದ. ಹರಿದದ್ದನ್ನು ಆಪರೇಟರುಗಳು ಕತ್ತರಿಸುವುದು ದಿನನಿತ್ಯದ ಕೆಲಸ, ಯಾರೂ ಕೇಳಲಿಲ್ಲ.

ಮುಂದಿನ ವಾರದ ಸುದ್ದಿಚಿತ್ರ ಬಂದಾಗ ಆ ಮೂರು ಮೊಳವನ್ನು ಅದರ ನಡುವೆ ಸೇರಿಸಿದ. ವಾರದ ಕೊನೆಗೆ ಬಿಡಿಸಿಕೊಂಡು ಅದರ ಮುಂದಿನದಕ್ಕೆ ಸೇರಿಸಿದ. ಹೀಗೆ, ಕೊಟ್ಟಾಯಿ ನಮ್ಮೂರಲ್ಲೇ ಬಿಡಾರ ಹಾಕಿದ್ದ ಹೆಚ್ಚುಕಡಿಮೆ ಎರಡು ವರ್ಷ. ಅಣೆಕಟ್ಟೆಯ ಬಾಗಿಲು ತೆರೆಯುತ್ತದೆ, ಚಿಕ್ಕ ಮಾಮ ನಡೆಯುತ್ತಾನೆ. ಯಾವುದೋ ದೇಶದ ರಾಣಿ ಆನೆಮರಿಯ ಸೊಂಡಿಲು ಸವರುತ್ತಾಳೆ, ಚಿಕ್ಕ ಮಾಮ ನಡೆಯುತ್ತಾನೆ. ಹಾಕಿ ಗೋಲು ಬೀಳುತ್ತದೆ, ಚಿಕ್ಕ ಮಾಮ ತಿರುಗಿ ನಗುತ್ತಾನೆ, "ಸಿರಿತ್ತ ಮುಗತ್ತುಡನ್ ಸೆಲ್ಗಿರಾರ್ಗಳ್." ಊರಿನಲ್ಲಿ ಒಬ್ಬರೂ ತುಟಿ ಎರಡು ಮಾಡಲಿಲ್ಲ. ಹೊರಗೆ ಬೀಡಿ ಸೇದುತ್ತಿದ್ದ ಗಂಡಸರು ಆ ಹೊತ್ತಿಗೆ ಒಳಗೆ ಬಂದು, ಹೆಗಲ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಅಜ್ಜಿಯ ಸಾಲಿನ ಹೆಂಗಸರೆಲ್ಲ ಅಜ್ಜಿಯ ಜೊತೆ ನೆಟಿಗೆ ಮುರಿಯುತ್ತಿದ್ದರು. ನಾವು ಮಕ್ಕಳಂತೂ ಶಾಲೆಗೆ ಹೋಗುವಾಗ, ಯಾರನ್ನಾದರೂ ಬೀಳ್ಕೊಡುವಾಗ, ಆ ತಮಿಳು ಮಾತನ್ನೇ ಗಂಟಲು ಏರಿಸಿ ಕೂಗುತ್ತಿದ್ದೆವು. ಈಗ ನೆನೆದರೆ ಮೈ ಬೆವರುತ್ತದೆ. ಆಗ ಅದು ನಮಗೆ ಹಬ್ಬ.

ಎಷ್ಟು ಸಲ ಕೊಯ್ದು ಎಷ್ಟು ಸಲ ಅಂಟಿಸಿದರೆ ಫಿಲ್ಮು ತಡೆದೀತು? ಒಂದು ಸಂಜೆ ಜಾಯಿಂಟು ಯಂತ್ರದ ಬಾಯಿಯಲ್ಲಿ ಸಿಕ್ಕಿಕೊಂಡಿತು. ಹಿಂದೆ ಉರಿಯುವ ಕಾರ್ಬನ್ ಕಡ್ಡಿಯ ಶಾಖಕ್ಕೆ, ಓಡದೆ ನಿಂತ ಫಿಲ್ಮು ಕಣ್ಣು ಮಿಟುಕಿಸುವಷ್ಟರಲ್ಲಿ ಸುಡುತ್ತದೆ. ಚಿಕ್ಕ ಮಾಮ ಚೀಲದ ಪಟ್ಟಿ ಎಳೆದುಕೊಂಡವನು ಹಾಗೇ ನಿಂತ. ಅವನ ಎದೆಯ ಮೇಲೆ ಕಂದು ಬೊಬ್ಬೆಯೊಂದು ಎದ್ದಿತು, ಹಿಗ್ಗಿತು, ಗಲ್ಲ ತಿಂದಿತು, ಮುಖ ತಿಂದಿತು. ಆಮೇಲೆ ಬರೀ ಬಿಳಿ ಬೆಳಕು. ಅಜ್ಜಿ ಕಣತಲೆಗೆ ಒತ್ತಿದ್ದ ಕೈಯನ್ನು ಇಳಿಸಿ, ಸೀರೆಯ ಮರಳು ಕೊಡವಿ, ನನ್ನ ಕೈ ಹಿಡಿದುಕೊಂಡು ಹೊರಟಳು. ದಾರಿಯಲ್ಲಿ ಹೇಳಿದ ಮಾತು ಒಂದೇ: "ಸುಟ್ಟೋದ್ದು ಪಿಲಿಮ್ಮು. ನನ್ ಮಗ ಅಲ್ಲ." ಮತ್ತೆ ಅವಳು ಕೊಟ್ಟಾಯಿಗೆ ಹೋಗಲಿಲ್ಲ. ಎಳ್ಳುನೀರಿಗೂ ಒಪ್ಪಲಿಲ್ಲ.

ಸುಟ್ಟ ಕೆಲವು ಚಿತ್ರ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಮಾಮ ಸುತ್ತಿಟ್ಟ. ಯಂತ್ರಕ್ಕೆ ಮತ್ತೆ ಹಾಕುವ ಧೈರ್ಯವಾಗಲಿಲ್ಲ. ಇನ್ನೊಂದೇ ಸಲ ತಡೆಯುತ್ತದೆ, ಆ ಒಂದು ಸಲವನ್ನು ಕಾದಿಟ್ಟುಕೊಳ್ಳಬೇಕು ಎಂಬುದು ಆತನ ಲೆಕ್ಕ. ತೇವಕ್ಕೆ ಫಿಲ್ಮು ಉಬ್ಬುತ್ತದೆ ಎಂದು ಆಪರೇಟರುಗಳಿಗೆ ಸದಾ ಭಯ. ಅದಕ್ಕೆ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟು, ಮುಚ್ಚಳದ ಸುತ್ತ ಮೇಣ ಕರಗಿಸಿ ಸುರಿದು, ಅದನ್ನೊಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ದಿಂಡಿಗಲ್ ಬೀಗ ಜಡಿದು, ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ. ಮನೆಯಲ್ಲಿ ಅದಕ್ಕಿಂತ ಒಣ ಜಾಗ ಇರಲಿಲ್ಲ. ಬೀಗದ ಕೈ ಆತನ ಉಡಿದಾರದಲ್ಲಿ.

ಕಡೆಗಾಲದಲ್ಲಿ ಅಜ್ಜಿ ಕೇಳಿದಳು. ಕೊಟ್ಟಾಯಿ ಅಷ್ಟರಲ್ಲಿ ಎದ್ದುಹೋಗಿ, ಮಾಮ ತೇನಿಯ ಒಂದು ಟಾಕೀಸಿನಲ್ಲಿದ್ದ. "ಒಂದ್ ತಡವೆ ತೋರ್ಸು" ಅಂದಳು, ಒಂದು ಸಲ ತೋರಿಸು ಎಂದು. ಮಾಮ, "ನಾಳಿಕ್ಕೆ ಅವ್ವಾ, ಗೋಡೆ ಮ್ಯಾಲೆ ಬುಟ್ಟು ತೋರಿಸ್ತೀನಿ" ಅಂದ. ಎಲ್ಲಿ ಹರಿದುಹೋಗುತ್ತದೋ ಎಂದು ಹೆದರಿ ಮರುದಿನವೂ ನಾಳೆ ಅಂದ. ಮೂರನೆಯ ನಾಳೆಗೆ ಅಜ್ಜಿ ಇರಲಿಲ್ಲ. ಮಾಮ ಮದುವೆಯಾಗಲಿಲ್ಲ. ಕೇಳಿದರೆ ಹಾರ ಹಾಕಿ ಕೈ ಕುಲುಕುವ ಎರಡನೇ ಐಟಂ ತನಗೆ ಒಗ್ಗುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಟಾಕೀಸು ಕಲ್ಯಾಣ ಮಂಟಪವಾದ ಮೇಲೆ ಊರಿಗೆ ಬಂದು ದ್ರಾಕ್ಷಿ ತೋಟಗಳಲ್ಲಿ ಗೊಂಚಲು ಬಿಡಿಸಿ ಪೆಟ್ಟಿಗೆಗೆ ತುಂಬುವ ಕೆಲಸ ಮಾಡಿದ. ಹಣ್ಣನ್ನೂ ತುಟಿಗೆ ಮುಟ್ಟಿಸುತ್ತಿದ್ದ, ಅದಕ್ಕೆ ತೋಟದ ಹೆಂಗಸರು ಆತನನ್ನು ಕಾಡದ ದಿನವಿರಲಿಲ್ಲ.

ಎರಡು ವರ್ಷದ ಹಿಂದೆ ಕಣ್ಣಿನ ನರ ಒಣಗುತ್ತಿದೆ ಎಂದು ತೇನಿಯ ಡಾಕ್ಟರು ಹೇಳಿದರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಕಿಟಕಿಯ ಸಂದಿಯಷ್ಟು ಬೆಳಕು. ಅದು ಎಷ್ಟು ತಿಂಗಳು ಇರುತ್ತದೋ ಹೇಳಲಾಗದು ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಮಾಮ ಬಾಯಿ ಬಿಟ್ಟ.

"ಪಾಪಾ, ಅವನ್ ಬಾಯಿ ತೆರೆದ್ನಲ್ಲ. ಏನಂದ?"

"ಅವ್ವಾ ಅಂದ ಅಂತ ಅಜ್ಜಿ ಹೇಳ್ತಿದ್ಲಲ್ಲ ಮಾಮ."

"ಅದು ಅವ್ವ ಏಳಿದ್ದು. ನಾನ್ ನೋಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಎರಡು ವರ್ಷ ದಿನಕ್ಕೆ ಎರಡಾಟ ಓಡಿಸಿದವನು ನೋಡಲಿಲ್ಲವೆಂದರೆ?

"ಜಾಯಿಂಟ್ ಬತ್ತದೆ ಅಂದ್ರೆ ನಾನ್ ಜಾಯಿಂಟ್ ನೋಡ್ಬೇಕು, ಕಾರ್ಬನ್ ನೋಡ್ಬೇಕು. ತೆರೆ ಎಲ್ಲಿ ನೋಡ್ಲಿ? ಜಾಯಿಂಟ್ ಇಲ್ದ ಮೊದಲ್ನೇ ವಾರ ಕಣ್ಣು ತುಂಬ್ಕಂಡು ಏನೂ ಕಾಣ್ಲಿಲ್ಲ. ಊರೆಲ್ಲ ನೋಡ್ತು ಅವನ್ನ. ನಾನ್ ಒಬ್ನೇ ಒಂದ್ ತಡವೆಯೂ ಸರ್ಯಾಗಿ ನೋಡ್ಲಿಲ್ಲ." ಮತ್ತೆ, "ಅವ್ವಾ ಅಂದ್ನೋ, ಅಣ್ಣಾ ಅಂದ್ನೋ. ಕಣ್ಣಿರೋವಾಗ ನೋಡ್ಬುಡ್ಬೇಕು" ಅಂದ.

ಅರವತ್ತು ವರ್ಷ ಆ ಮನುಷ್ಯ ಇದನ್ನು ಒಳಗಿಟ್ಟುಕೊಂಡು ನಮ್ಮನ್ನೆಲ್ಲ ನಗಿಸುತ್ತಿದ್ದ. ನಾನು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಪೆಟ್ಟಿಗೆ ಇಳಿಸಿದೆವು. ಬೀಗದ ಕೈ ತಿರುಗಿತು. ಡಬ್ಬಿಯ ಮೇಣ ಕೆರೆದು ಮುಚ್ಚಳ ಎತ್ತಿದಾಗ ತೊಟ್ಟಿಯಲ್ಲಿ ಕೊಳೆತು ಹುಳಿಬಂದ ದ್ರಾಕ್ಷಿಯ ಘಾಟು ಮುಖಕ್ಕೆ ಹೊಡೆಯಿತು. ಒಳಗೆ ಫಿಲ್ಮಿನ ಸುರುಳಿ ಮುರುಟಿ, ಒಂದಕ್ಕೊಂದು ಅಂಟಿ, ಹಪ್ಪಳದ ಹಾಗಾಗಿತ್ತು. ಮಾಮ ಕೈ ಚಾಚಿದ, ಕೊಟ್ಟೆ. ಒಂದು ಅಂಚನ್ನು ತುಟಿಗೆ ಮುಟ್ಟಿಸಿದ. ತುಟಿಯ ಮೇಲೆ ಪುಡಿ ಉಳಿಯಿತು. "ಉಳಿ" ಅಂದ. ಹುಳಿಯಾಗಿದೆ ಎಂದು. ಅಷ್ಟೇ ಹೇಳಿ ಟವಲಿನಿಂದ ತುಟಿ ಒರೆಸಿಕೊಂಡ.

ಅದನ್ನು ಹತ್ತಿಯಲ್ಲಿ ಸುತ್ತಿ ದಿಂಡಿಗಲ್ಲಿಗೆ ಒಯ್ದೆ. ಹಳೇ ಸಿನಿಮಾ ಯಂತ್ರ ಕೂಡಿಟ್ಟು, ರೀಲುಗಳನ್ನು ಕಂಪ್ಯೂಟರಿಗೆ ಇಳಿಸುವವರೊಬ್ಬರು ಅಲ್ಲಿದ್ದಾರೆಂದು ಕೇಳಿದ್ದೆ. ಮೃದು ಮಾತಿನ ಮನುಷ್ಯ. ದೀಪದ ಕೆಳಗೆ ಬಹಳ ಹೊತ್ತು ನೋಡಿ ತಮಿಳಿನಲ್ಲಿ ಹೇಳಿದರು: "ಇದರಲ್ಲಿ ಇನ್ನು ಏನೂ ಇಲ್ಲಮ್ಮಾ. ಗಾಳಿಯಾಡದ ಹಾಗೆ ಮುಚ್ಚಿ ಬಿಸಿಯಲ್ಲಿ ಇಟ್ಟಿದ್ದಾರೆ. ಇದು ಬಿಡುವ ಹುಳಿಯೇ ಇದನ್ನು ತಿಂದುಹಾಕುತ್ತದೆ. ಸುಮ್ಮನೆ ಒಂದು ಗೂಟಕ್ಕೆ ನೇತುಹಾಕಿದ್ದರೂ ಉಳಿದಿರುತ್ತಿತ್ತು." ಅದನ್ನು ನಾನು ಮಾಮನಿಗೆ ಹೇಳಲಿಲ್ಲ. ವಯಸ್ಸಾಯಿತಂತೆ ಅದಕ್ಕೆ ಅಂದೆ. "ನನಗೂ ಆಯ್ತಲ್ಲ" ಅಂದ.

ಸರ್ಕಾರದ ಫಿಲ್ಮು ಉಗ್ರಾಣಕ್ಕೆ ಕಾಗದ ಬರೆದೆ, ಮತ್ತೆ ಬರೆದೆ. ನೀವು ಹೇಳುವ ವಾರದ ಸಂಚಿಕೆ ನಮ್ಮಲ್ಲಿ ಸಿಗುತ್ತಿಲ್ಲ ಎಂದು ಎರಡು ಸಾಲು ಬಂತು. ಮಾಮ ದಿನಾ ಬೆಳಿಗ್ಗೆ ಜಗುಲಿಯಲ್ಲಿ ಕೂತು, ಅಂಗೈಯನ್ನು ಮುಖದ ಮುಂದೆ ಆಡಿಸಿ ಎಷ್ಟು ಬೆಳಕು ಉಳಿದಿದೆ ಎಂದು ನೋಡಿಕೊಳ್ಳುತ್ತಿದ್ದ. ನಾನು ಶಾಲೆಯಲ್ಲಿ ಇಡೀ ಆಯುಷ್ಯ ಮಕ್ಕಳಿಗೆ ಕಳೆಯುವುದನ್ನು ಕಲಿಸಿದವಳು. ಅಂಥ ಕಳೆಯುವ ಲೆಕ್ಕ ನನಗೆ ನೋಡಲಾಗುತ್ತಿರಲಿಲ್ಲ.

ಆರು ತಿಂಗಳ ಮೇಲೆ ದಿಂಡಿಗಲ್ಲಿನವರು ಫೋನ್ ಮಾಡಿದರು. ಮುಚ್ಚಿಹೋದ ಹಳೇ ಡಿಪೋದ ಗೋದಾಮಿನಿಂದ ಮೂಟೆಗಟ್ಟಲೆ ರೀಲು ಗುಜರಿಗೆ ಬಂದಿದೆ, ಅದರಲ್ಲಿ ಒಂದು ತಮಿಳು ಸುದ್ದಿಚಿತ್ರ ನೀವು ಹೇಳಿದ ಹಾಗೇ ಇದೆ, ರೈಲು, ಆಮೇಲೆ ವಿಮಾನದ ಅತಿಥಿ, ಕಡೆಗೆ ಹಾಕಿ, ಫೋನಿಗೆ ಕಳಿಸುತ್ತಿದ್ದೇನೆ ಎಂದರು. ಕಳಿಸಿದರು. ಮೊದಲ ಅರ್ಧ ನಿಮಿಷ ನೋಡಿದೆ. ಸ್ಟೇಷನ್ನು, ಸಿಪಾಯಿಗಳು, ಅದೇ ಏರಿದ ದನಿ. ಇನ್ನು ನನಗೆ ನೋಡಲು ತಾಳ್ಮೆಯೆಲ್ಲಿ? ಮಾಮನ ಜೊತೆಗೇ ನೋಡಬೇಕೆಂದು ಫೋನು ಹಿಡಿದುಕೊಂಡು ಓಡಿದೆ. ಅರವತ್ತೇಳರ ಮಂಡಿ ನೋವು ಅವತ್ತು ನನಗೆ ಗೊತ್ತಾಗಲಿಲ್ಲ.

ಮಾಮ ಫೋನನ್ನು ತುಟಿಗೆ ಮುಟ್ಟಿಸಿದ. "ಜಾರ್ತದೆ" ಎಂದು ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದು. ಒಗೆದ ಅಂಗಿ ತರಿಸಿ ಹಾಕಿಕೊಂಡ. ಕುರ್ಚಿ ಬೇಡವೆಂದು, ಕೊಟ್ಟಾಯಿಯಲ್ಲಿ ಜನ ಕೂರುತ್ತಿದ್ದ ಹಾಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಫೋನನ್ನು ಉಳಿದ ಕಣ್ಣಿನ ಹತ್ತಿರ ಹಿಡಿದು ಹಾಕಿದೆ.

ಸ್ಟೇಷನ್ನು ಬಂತು. ಸಿಪಾಯಿಗಳ ಸಾಲು ಬಂತು. "ತಾಯ್ನಾಟ್ಟೈಕ್ ಕಾಕ್ಕ ನಮ್ ವೀರರ್ಗಳ್," ತಾಯ್ನಾಡನ್ನು ಕಾಯಲು ನಮ್ಮ ವೀರರು, ಎಂದಿತು ದನಿ. ಮಾಮನ ತುಟಿ ಮುಂದಿನ ಮಾತಿಗೆ ಆಗಲೇ ಅಲ್ಲಾಡುತ್ತಿತ್ತು. ಮುಂದಿನ ಮಾತು ಬರಲಿಲ್ಲ. ಕರ್ ಎಂದು ಚಿಕ್ಕದೊಂದು ಸದ್ದಾಗಿ, ವಿಮಾನದ ಮೆಟ್ಟಿಲಿನ ಮೇಲೆ ಪರದೇಶ​ದ ಅತಿಥಿ ಕೈ ಬೀಸುತ್ತಿದ್ದ.

"ಇನ್ನೊಂದ್ ತಡವೆ ಆಕು" ಅಂದ. ಹಾಕಿದೆ. ವೀರರ್ಗಳ್, ಕರ್, ವಿಮಾನ. "ಇನ್ನೊಂದ್ ತಡವೆ." ಮೂರನೆಯ ಸಲ ಅದೇ ಜಾಗ ಬಂದಾಗ ನನಗೂ ತಿಳಿಯಿತು. ದಿಂಡಿಗಲ್ ಡಿಪೋದ ಪ್ರಿಂಟು. ನಮ್ಮ ಕಣಿವೆಗೆ ಬಂದು ಹೋಗಿದ್ದ ಪ್ರಿಂಟು. ಲೋಕದಲ್ಲಿ ಉಳಿದಿದ್ದ ಒಂದೇ ಒಂದು ಪ್ರತಿ ಮಾಮನೇ ಕೊಯ್ದು ಕಳಿಸಿದ್ದ ಪ್ರತಿ.

ನಾನು ಫೋನು ಕಿತ್ತುಕೊಳ್ಳಲು ಹೋದೆ. ಮಾಮ ಬಿಡಲಿಲ್ಲ. ಬೆರಳಿನಿಂದ ಗಾಜನ್ನು ಸವರುತ್ತ, ಬೇರೆ ಯಾರದೋ ಕೆಲಸದ ಮಾತಾಡುವವನ ಹಾಗೆ ಹೇಳಿದ: "ಜಾಯಿಂಟ್ ಚೆನ್ನಾಗ್ ಕೂತೈತೆ. ಪಟ ಎಗರ್ಲಿಲ್ಲ, ನೋಡ್ದಾ?"

ಆಮೇಲೆ ಎರಡು ದಿನ ಊಟ ಬಿಟ್ಟ. ನಾನು ಬೈದೆ, ಅತ್ತೆ, ಕಾಲು ಹಿಡಿದೆ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು, ತಾಯಿಗೋಸ್ಕರ ತಾನೆ ಮಾಡಿದ್ದು ಎಂದೆ. ಮಾಮ ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ. ಮೂರನೆಯ ದಿನ ಗಂಜಿ ಕುಡಿದು, ಕಂಬಕ್ಕೆ ಒರಗಿ ಕೂತು ಅಂದ: "ಎಲ್ಲಾ ಊರ್ನಲ್ಲೂ ನಡೀತಿದ್ನಲ್ಲ ಪಾಪಾ ಅವ್ನು. ನನ್ ಒಬ್ಬನ ಮನೇಗೆ ಬೇಕು ಅಂತ ಕೊಯ್ಕಂಡೆ. ಆಮೇಲ್ ಬೇರೆ ಊರ್ನೋರು ಯಾರೂ ನೋಡ್ಲಿಲ್ಲ ಅವನ್ನ." ಮತ್ತೆ ಅಂದ: "ಅವ್ವನ್ಗೆ ಅದು ಅಳೇ ಪ್ರಿಂಟು ಅಂತ ಏಳ್ಬೇಕಾಗಿತ್ತು. ಏಳ್ಲಿಲ್ಲ. ಸತ್ತೋನ್ಗೆ ನೀರು ಬುಡ್ಲಿಲ್ಲ. ಈ ಆಡಿ ಅಮಾಸೆಗೆ ಸುರುಳಿಗೆ ಓಗಣ. ನಾನ್ ಓಗ್ಲಾರ್ದೆ ಇದ್ರೆ ನೀನ್ ಓಗು."

"ಓಯ್ತೀನಿ" ಎಂದೆ.

ಆಷಾಢದ ಆ ಅಮಾವಾಸ್ಯೆಗೆ ಹನ್ನೊಂದು ದಿನವಿರುವಾಗ ಮಾಮ ಹೋದ. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಮುಖದ ಮುಂದೆ ಹಿಡಿದಿದ್ದ ಅಂಗೈ ಹಾಗೆಯೇ ಎದೆಯ ಮೇಲೆ ಬಿದ್ದಿತ್ತು. ಲೋಟವನ್ನು ತುಟಿಗೆ ಮುಟ್ಟಿಸಿದೆ. ತುಟಿ ಆಗಲೇ ತಣ್ಣಗಾಗಿತ್ತು.

ಸುರುಳಿಗೆ ನಾನೊಬ್ಬಳೇ ಹೋದೆ. ಹೆಂಗಸರು ಎಳ್ಳುನೀರು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಪುರೋಹಿತರು ಒಪ್ಪಲಿಲ್ಲ, ನಾನು ಜಗಳ ಮಾಡಿದೆ, ಕಡೆಗೆ ಒಪ್ಪಿದರು. ಯಾರಿಗೆ ಎಂದು ಕೇಳಿದರು. ಇಬ್ಬರಿಗೆ ಎಂದೆ. ಮಾಮನ ಎಳ್ಳು ಸಲೀಸಾಗಿ ಹೋಯಿತು. ಎರಡನೆಯವರು ತೀರಿಕೊಂಡ ತಿಥಿ ಯಾವುದು ಎಂದರು. ಗೊತ್ತಿಲ್ಲ ಎಂದೆ. ಯಾವ ಊರಲ್ಲಿ ಎಂದರು. ಗೊತ್ತಿಲ್ಲ. ನೋಡಿದವರು ಯಾರಾದರೂ ಇದ್ದಾರಾ? ಅವರ ಮುಖ ನೋಡಿದೆ. ಎರಡು ವರ್ಷ ಊರೆಲ್ಲ ನೋಡಿತು ಎಂದು ಯಾರಿಗೆ ಹೇಳಲಿ? ಅಂಗೈಯಲ್ಲಿ ಎಳ್ಳು ನೆನೆಯುತ್ತಿತ್ತು, ಬೆರಳು ಸಡಿಲವಾಗುತ್ತಿರಲಿಲ್ಲ. ಹಿಂದೆ ಸರತಿಯಲ್ಲಿ ನಿಂತವರು ಗೊಣಗತೊಡಗಿದರು. ಮಾಮನಿಗೆ ಕೊಟ್ಟ ಮಾತು ನೆನೆದು ಕೈ ತೆರೆದೆ. ಎಳ್ಳು ನೀರಿನಲ್ಲಿ ಹೋಗುವಾಗ ನನ್ನ ಬಾಯಿಗೆ ಬಂದದ್ದು ಪುರೋಹಿತರು ಹೇಳಿಕೊಟ್ಟ ಮಂತ್ರವಲ್ಲ, "ಸಿರಿತ್ತ ಮುಗತ್ತುಡನ್ ಸೆಲ್ಗಿರಾರ್ಗಳ್."

ಅಕ್ಷರ ಓದಲು ಬಾರದ ಮಾಮ ನನ್ನ ಬರಹದಲ್ಲಿ ಪಟ ಇದೆ ಅಂದಿದ್ದ. ಆ ನಂಬಿಕೆಯ ಮೇಲೆ ಇಷ್ಟನ್ನು ಬರೆದಿದ್ದೇನೆ. ಮೂರು ಮೊಳ ಫಿಲ್ಮಿನಲ್ಲಿದ್ದದ್ದು ಈಗ ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅವನು ಅವ್ವಾ ಅಂದನೋ ಅಣ್ಣಾ ಅಂದನೋ, ಅಜ್ಜಿಯ ತೊಡೆಯ ಮೇಲೆ ಕೂತು ಅಷ್ಟು ಸಲ ನೋಡಿದ ನಾನು ಎಷ್ಟು ತಿಣುಕಿದರೂ ಹೇಳಲಾರೆ. ಮಾಮ ಕೇಳಿದ್ದು ಅದೊಂದನ್ನೇ. ನಡೆಯುತ್ತಿದ್ದವನಿಗೆ ಎಳ್ಳು ಹಾಕಿ ಬಂದಿದ್ದೇನೆ, ಅಜ್ಜಿ ಇದ್ದಿದ್ದರೆ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ.